ಮುಖಕ್ಕೆ ಉರಿ, ಬೆನ್ನಿಗೆ ಚಳಿ

ಇಂಗ್ಲೆಂಡಿನಲ್ಲಿರುವ ನಮ್ಮವರು ಡಿಸೆಂಬರ್ ರಜೆ ಬಂತೆಂದರೆ ನಾಲ್ಕು ಸಂಸಾರ ಸೇರಿ ಹಳ್ಳಿ ಕಡೆ ಒಂದು ಹಳೇ ಕಲ್ಲಿನ ಮನೆಯನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿಯುತ್ತಾರೆ. ಆ ಮನೆಯ ಜಾಹೀರಾತಿನಲ್ಲಿ ತಪ್ಪದೇ ಒಂದು ಪದ ಇರುತ್ತದೆ: ಇಂಗಲ್‌ನೂಕ್. ಏನದು ಎಂದು ಯಾರೂ ಕೇಳುವುದಿಲ್ಲ. ಕೇಳುವುದಕ್ಕೆ ಇಂಪಾಗಿದೆಯಲ್ಲ, ಸಾಕು.

ಇಂಗಲ್ ಅಂದರೆ ಒಲೆ, ಮನೆಯೊಳಗೆ ಉರಿಯುವ ಬೆಂಕಿ. ಸ್ಕಾಟ್ಲೆಂಡ್ ಕಡೆಯ ಹಳೇ ಮಾತು. ಗೇಲಿಕ್ ಭಾಷೆಯಲ್ಲಿ ಬೆಂಕಿಗೂ ಬೆಳಕಿಗೂ ಇದ್ದ ಒಂದು ಪದದಿಂದ ಬಂದಿರಬೇಕು ಎನ್ನುತ್ತಾರೆ ಪದಬಲ್ಲವರು. ನೂಕ್ ಅಂದರೆ ಮೂಲೆ. ಕೂಡಿಸಿದರೆ ನಮ್ಮ ‘ಒಲೆಮೂಲೆ’. ಮಾತಾಡುವವರ ಬಾಯಲ್ಲಿ ಇಂಗಲ್ ಸತ್ತು ಎಷ್ಟೋ ಕಾಲವಾಯಿತು. ಮನೆ ಮಾರುವ ದಲ್ಲಾಳಿಗಳು ಮಾತ್ರ ಅದಕ್ಕೆ ಇನ್ನೂ ಉಸಿರು ಕೊಡುತ್ತಿದ್ದಾರೆ. ‘ಒಲೆಮೂಲೆ ಇರುವ ಮನೆ ಬಾಡಿಗೆಗಿದೆ’ ಎಂದು ಮಲ್ಲೇಶ್ವರದಲ್ಲಿ ಬೋರ್ಡು ಹಾಕಿ ನೋಡಿ, ‘ಯಾಕ್ರೀ, ಗ್ಯಾಸ್ ಕನೆಕ್ಷನ್ ಇಲ್ವಾ?’ ಅಂತಾರೆ.

ಇಂಗಲ್‌ನೂಕ್ ಎಂದರೆ ಗೋಡೆಯಲ್ಲೊಂದು ಗೂಡು ಎಂದುಕೊಂಡರೆ ತಪ್ಪು. ಅದೇ ಒಂದು ಪುಟ್ಟ ಕೋಣೆ. ಆರಡಿ ಅಗಲ, ನಾಲ್ಕಡಿ ಎತ್ತರದ ಬಾಯಿ. ಮೇಲೆ ಅಡ್ಡಕ್ಕೆ ಓಕ್ ಮರದ ದಪ್ಪ ತೊಲೆ. ಒಳಗೆ ಎರಡೂ ಪಕ್ಕಕ್ಕೆ ಕೂರಲು ಕಟ್ಟೆ, ಹಿಂದಿನ ಗೋಡೆಗೆ ಒರಗಿಸಿದ ಎರಕದ ಕಬ್ಬಿಣದ ಹಲಗೆ. ಪಕ್ಕದ ಗೋಡೆಯಲ್ಲಿ ಸಣ್ಣ ಗೂಡೊಂದಿರುತ್ತದೆ, ಅದು ಉಪ್ಪಿಗೆ. ಒಲೆ ಪಕ್ಕ ಇಟ್ಟ ಉಪ್ಪು ನೀರಾಗುವುದಿಲ್ಲ ಎಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಓಕ್ ತೊಲೆಯ ಮೇಲೆ ಕಣ್ಣೀರ ಹನಿಯಂಥ ಸುಟ್ಟ ಕಲೆಗಳು ಕಂಡರೆ ಹಿಂದಿನ ಬಾಡಿಗೆದಾರರನ್ನು ಬೈಯಬೇಡಿ. ಮನೆಗೆ ಬೆಂಕಿ ಬೀಳದಿರಲೆಂದು ಹಳಬರು ಮೇಣದ ಬತ್ತಿ ಹಿಡಿದು ಬೇಕೆಂದೇ ಸುಟ್ಟ ಗುರುತುಗಳವು ಎಂದು ಈಗಿನ ಸಂಶೋಧಕರು ಹೇಳುತ್ತಾರೆ. ಬೆಂಕಿ ಬೀಳಬಾರದು ಎಂದು ಮರಕ್ಕೆ ಬೆಂಕಿ ಇಡುವುದು! ದೃಷ್ಟಿಬೊಟ್ಟಿನ ಲೆಕ್ಕವೇ ಅದು, ನಗುವಂತಿಲ್ಲ.

ಇರಲಿ, ಸಂಜೆ ನಾಲ್ಕಕ್ಕೇ ಕತ್ತಲಾಯಿತು. ‘ಬೆಂಕಿ ಹಾಕೋಣ’ ಎಂದು ಒಬ್ಬರು ತೋಳು ಮಡಿಸುತ್ತಾರೆ. ‘ನಮ್ಮೂರಲ್ಲಿ ದಿನಾ ಬಚ್ಚಲ ಒಲೆ ಹಾಕಿದವನು ನಾನು’ ಎನ್ನುವವರೇ ಅವರು. ಮುಂದಿನ ಹದಿನೈದು ನಿಮಿಷದ ಅನಾಹುತವೆಲ್ಲ ಈ ಅನುಭವದಿಂದಲೇ ಹುಟ್ಟುತ್ತದೆ. ಬಚ್ಚಲ ಒಲೆಯ ಮೇಲೆ ಹಂಡೆ ಕೂತಿರುತ್ತದೆ, ಬಾಯಿ ಗೇಣಗಲ. ಹೊಗೆ ಬಂದರೆ ಹೆಂಚಿನ ಸಂದಿಯಲ್ಲಿ, ಗವಾಕ್ಷಿಯಲ್ಲಿ ಎಲ್ಲೋ ಹೋಗುತ್ತದೆ. ಹೋಗದಿದ್ದರೆ ಕಣ್ಣು ಒರೆಸಿಕೊಂಡು ಸ್ನಾನಕ್ಕೆ ಹೋಗುತ್ತೇವೆ. ಇಂಗಲ್‌ನೂಕ್ ಹಾಗಲ್ಲ. ಅದು ಗಾಳಿಯ ಯಂತ್ರ, ಸೌದೆ ಅದಕ್ಕೆ ಬರೀ ಇಂಧನ. ಗಾಳಿಗೆ ದಾರಿ ಮಾಡದೆ ಕಡ್ಡಿ ಗೀರಿದರೆ ಹೊಗೆಯೆಲ್ಲ ಹಾಲ್‌ಗೇ ಬರುತ್ತದೆ, ಎರಡೇ ನಿಮಿಷದಲ್ಲಿ ಸ್ಮೋಕ್ ಅಲಾರಂ ಕಿರುಚುತ್ತದೆ. ಆಮೇಲೆ ಒಬ್ಬರು ಕುರ್ಚಿ ಹತ್ತಿ ಟವೆಲ್ ಬೀಸುವುದು, ಉಳಿದವರು ‘ಕಿಟಕಿ ತೆಗೀರಿ’ ‘ಬೇಡ, ಚಳಿ’ ಎಂದು ಎರಡು ಪಕ್ಷವಾಗುವುದು.

ಕಡ್ಡಿ ಗೀರುವ ಮೊದಲು ಮಾಡಬೇಕಾದ್ದು ಒಂದೇ ಕೆಲಸ: ತಲೆ ಒಳಗೆ ಹಾಕಿ, ಟಾರ್ಚ್ ಬಿಟ್ಟು ಮೇಲೆ ನೋಡುವುದು. ಚಳಿಗಾಲದಲ್ಲಿ ಮನೆಯ ಬಿಸಿ ಹೊಗೆಗೂಡಿನಲ್ಲಿ ಸೋರಿ ಹೋಗದಿರಲಿ ಎಂದು ಅಲ್ಲಿನವರು ಅದರ ಗಂಟಲಿಗೆ ಏನಾದರೂ ತುರುಕಿರುತ್ತಾರೆ. ಕೆಲವು ಕಡೆ ಕಬ್ಬಿಣದ ಮುಚ್ಚಳ, ಕೆಲವು ಕಡೆ ಗಾಳಿ ತುಂಬಿದ ಬಲೂನು, ಇನ್ನು ಕೆಲವು ಕಡೆ ಕುರಿ ಉಣ್ಣೆಯ ದಪ್ಪ ದಿಂಬು. ಮುಚ್ಚಳವಾದರೆ ಎಳೆದರೆ ತೆರೆಯುತ್ತದೆ. ಬಲೂನು ಬಿಸಿಗೆ ಕುಗ್ಗಿ ಉರಿಯುವ ಸೌದೆಯ ಮೇಲೇ ಬೀಳುತ್ತದೆ. ಉಣ್ಣೆಯನ್ನು ಮರೆತಿರೋ, ತಲೆಕೂದಲು ಸುಟ್ಟ ವಾಸನೆ ಮೂರು ದಿನವೂ ಹೋಗುವುದಿಲ್ಲ. ಕ್ರಿಸ್‌ಮಸ್‌ಗೆ ತಂದ ಕೇಕೂ ಅದೇ ರುಚಿ.

ದಾರಿ ತೆರೆದಿದೆ, ಆದರೂ ಹೊಗೆ ಒಳಗೇ ಬರುತ್ತಿದೆ ಎಂದುಕೊಳ್ಳಿ. ನಾಲ್ಕಾರು ದಿನ ಬೆಂಕಿ ಕಾಣದ ಹೊಗೆಗೂಡಿನಲ್ಲಿ ತಣ್ಣನೆಯ ಗಾಳಿ ಬಾಟಲಿಗೆ ಬಿರಡೆ ಹಾಕಿದಂತೆ ಕೂತಿರುತ್ತದೆ. ತಣ್ಣನೆ ಗಾಳಿ ಭಾರ; ನಿಮ್ಮ ಎಳೆಯ ಹೊಗೆಗೆ ಅದನ್ನು ಎತ್ತುವ ಶಕ್ತಿ ಇಲ್ಲ. ಒಂದು ದಿನಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ, ಹೊತ್ತಿಸಿ, ಗಂಟಲಿನ ಹತ್ತಿರ ಅರ್ಧ ನಿಮಿಷ ಹಿಡಿಯಿರಿ. ಜ್ವಾಲೆ ಮೊದಲು ನಿಮ್ಮ ಕಡೆ ಬಾಗುತ್ತದೆ, ಆಮೇಲೆ ತಡವರಿಸುತ್ತದೆ, ಆಮೇಲೆ ಸರ್‍ರನೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆ ‘ಸರ್’ ಕೇಳಿದ ಮೇಲೇ ಸೌದೆಗೆ ಕಡ್ಡಿ ತೋರಿಸುವುದು.

ಇನ್ನೊಂದು ಕಾರಣವನ್ನು ಮಾತ್ರ ನಮ್ಮವರ ಮನೆಗಳಲ್ಲೇ ಜಾಸ್ತಿ ನೋಡಬಹುದು. ಹಾಲಿನಲ್ಲಿ ಬೆಂಕಿ ಚೆನ್ನಾಗಿ ಉರಿಯುತ್ತಿದೆ, ಎಲ್ಲರೂ ಸುತ್ತ ಕೂತಿದ್ದಾರೆ. ಅಡುಗೆಮನೆಯಲ್ಲಿ ಒಬ್ಬರು ಸಾರಿನ ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಎಕ್ಸಾಸ್ಟ್ ಫ್ಯಾನ್ ಒತ್ತುತ್ತಾರೆ. ಕಿಟಕಿ ಬಾಗಿಲೆಲ್ಲ ಭದ್ರ. ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ಲ? ಮನೆಯಲ್ಲಿ ತೆರೆದಿರುವ ಅತಿ ದೊಡ್ಡ ತೂತು ಹೊಗೆಗೂಡೇ. ಮೇಲಕ್ಕೆ ಹೋಗುತ್ತಿದ್ದ ಹೊಗೆ ಮನಸ್ಸು ಬದಲಾಯಿಸಿ ಕೆಳಗಿಳಿದು ಬರುತ್ತದೆ. ಅಡುಗೆಮನೆಯವರು ‘ಹಾಲಲ್ಲಿ ಏನು ಸುಡ್ತಿದ್ದೀರಿ?’ ಎಂದು ಕೇಳಿದರೆ ಹಾಲಿನವರು ‘ಒಗ್ಗರಣೆ ಸೀದಿದೆಯಾ?’ ಎಂದು ಕೇಳುತ್ತಾರೆ. ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆಗೆದರೆ ಇಬ್ಬರ ಜಗಳವೂ ಮುಗಿಯಿತು. ಗಾಳಿ ಬೀಸುತ್ತಿರುವ ದಿಕ್ಕಿನ ಕಿಟಕಿಯನ್ನೇ ತೆಗೆಯಬೇಕು. ಎದುರು ಪಕ್ಕದ್ದು ತೆಗೆದರೆ ಅದೂ ಫ್ಯಾನಿನ ಜೊತೆ ಸೇರಿಕೊಂಡು ಗಾಳಿ ಹೊರಗೆಳೆಯುತ್ತದೆ. ಇದರಲ್ಲಿ ತಮಾಷೆಯಲ್ಲದ ಮಾತೊಂದಿದೆ. ಹೊಗೆಯಾದರೆ ಕೆಮ್ಮಿಸುತ್ತದೆ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೆಂದೇ ಬೇರೆ ಅಲಾರಂ ಇದೆ. ಮನೆಯಲ್ಲಿ ಅದು ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ನೋಡದೆ ಬೆಂಕಿ ಹಾಕಕೂಡದು.

ಇಷ್ಟೆಲ್ಲ ಮಾಡಿದರೂ ದಿನಾ ಹೊಗೆಯೇ ಎಂದರೆ ತಪ್ಪು ಕಟ್ಟಿದವನದು, ಅಥವಾ ಆಮೇಲೆ ರಿಪೇರಿ ಮಾಡಿದವನದು. ಲೆಕ್ಕ ಸುಲಭ: ಒಲೆಬಾಯಿಯ ವಿಸ್ತೀರ್ಣದಲ್ಲಿ ಶೇಕಡ 15ರಷ್ಟಾದರೂ ಹೊಗೆಗೂಡಿನ ಒಳ ವಿಸ್ತೀರ್ಣ ಇರಬೇಕು, ಎತ್ತರ ನಾಲ್ಕೂವರೆ ಮೀಟರಿಗೆ ಕಡಿಮೆ ಇರಬಾರದು. ಆರಡಿಗೆ ನಾಲ್ಕಡಿ ಬಾಯಿ ಎಂದರೆ 24 ಚದರಡಿ. ಅದರ ಶೇಕಡ 15, ಸುಮಾರು ಮೂರೂವರೆ ಚದರಡಿ. ಹೆಚ್ಚುಕಡಿಮೆ ಎರಡಡಿ ಚೌಕದ ಹೊಗೆಗೂಡು ಬೇಕು. ಹಳಬರು ಹಾಗೇ ಕಟ್ಟಿದ್ದರು, ಒಲೆಯಲ್ಲಿ ಕೂತು ತಲೆಯೆತ್ತಿದರೆ ನಕ್ಷತ್ರ ಕಾಣುತ್ತಿತ್ತು, ಮಳೆ ಬಂದರೆ ಸಾರಿನ ಪಾತ್ರೆಗೆ ನೀರು ತಾನಾಗಿಯೇ ಬೀಳುತ್ತಿತ್ತು. ಮುಂದೆ ಯಾರೋ ಬುದ್ಧಿವಂತರು ಆ ಗೂಡಿಗೆ ಒಂಬತ್ತಿಂಚಿನ ಪೈಪು ಇಳಿಬಿಡುತ್ತಾರೆ. ಒಂಬತ್ತಿಂಚಿನ ಪೈಪು ಸಾಕಾಗುವುದು ಮೂರು ಚದರಡಿ ಬಾಯಿಗೆ. ಕುಂಭಕರ್ಣನ ಬಾಯಿಗೆ ಸ್ಟ್ರಾ ಇಟ್ಟಂತೆ. ಒಲೆಬಾಯಿಯ ಮೇಲ್ತುದಿಗೆ ಒಂದು ಅಗಲವಾದ ತಗಡು ಹಿಡಿದು, ಬೆಂಕಿ ಉರಿಯುತ್ತಿರುವಾಗಲೇ ಇಂಚಿಂಚಾಗಿ ಕೆಳಗಿಳಿಸುತ್ತ ಬನ್ನಿ. ಹೊಗೆ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಬಾಯಿ ಮುಚ್ಚಬೇಕು ಎಂದರ್ಥ. ಇಲ್ಲವೇ ಸೌದೆ ಇಡುವ ಕಬ್ಬಿಣದ ಜಾಲರಿಯ ಕೆಳಗೆ ಎರಡು ವರಸೆ ಇಟ್ಟಿಗೆ ಇಟ್ಟು ಬೆಂಕಿಯನ್ನೇ ಮೇಲೆತ್ತಬಹುದು. ಬಾಡಿಗೆ ಮನೆಯಲ್ಲಿ ಎರಡನೆಯದೇ ವಾಸಿ.

ಸೌದೆಯ ವಿಷಯ. ಪೆಟ್ರೋಲ್ ಬಂಕಿನಲ್ಲಿ ಈರುಳ್ಳಿ ಚೀಲದಂಥ ಬಲೆಯಲ್ಲಿ ಕಟ್ಟಿ ಮಾರುತ್ತಾರೆ. ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗಿಟ್ಟರೆ ಬೆಂಕಿಯ ಮೊದಲ ಕೆಲಸ ಆ ನೀರು ಕಾಯಿಸುವುದು. ಸ್ನಾನಕ್ಕೂ ಸಿಗದ ಬಿಸಿನೀರು. ಸೀಳಿ ಒಂದೆರಡು ವರ್ಷ ಒಣಗಿಸಿ, ತೇವ ಶೇಕಡ 20ಕ್ಕಿಂತ ಕೆಳಗಿಳಿದ ಸೌದೆ ಬೇಕು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಸಣ್ಣ ಕಟ್ಟುಗಳಲ್ಲಿ ಮಾರುವ ಸೌದೆಗೆ ಇದೇ ಕಾನೂನು. ಎರಡು ಸೀಳನ್ನು ಒಂದಕ್ಕೊಂದು ಬಡಿದು ನೋಡಿ: ‘ಟಣ್’ ಅಂದರೆ ಒಣಗಿದೆ, ‘ದಬ್’ ಅಂದರೆ ಅಂಗಡಿಯವನು ನಿಮಗೆ ನೀರು ಮಾರಿದ್ದಾನೆ. ಜೋಡಿಸುವ ಕ್ರಮವೂ ನಮ್ಮ ಅಭ್ಯಾಸಕ್ಕೆ ತಲೆಕೆಳಗು. ಹಿಂದಿನ ಬೂದಿಯನ್ನು ಪೂರ್ತಿ ಬಳಿಯದೆ ಒಂದಿಂಚು ಬಿಡಬೇಕು. ಸೌದೆ ಬೂದಿಯ ಹಾಸಿಗೆಯ ಮೇಲೇ ಚೆನ್ನಾಗಿ ಉರಿಯುವುದು. ಕಲ್ಲಿದ್ದಲಿಗೆ ಮಾತ್ರ ಅಡಿಯಿಂದ ಗಾಳಿ ಬೇಕು, ಅದಕ್ಕೆ ಬೂದಿ ಆಗದು. ದಪ್ಪ ಸೀಳುಗಳು ಕೆಳಗೆ, ನಡುವೆ ಎರಡು ಬೆರಳು ಸಂದಿ. ಅದರ ಮೇಲೆ ಅಡ್ಡಡ್ಡ ತೆಳು ಸೀಳು, ಅದರ ಮೇಲೆ ಬೆರಳು ದಪ್ಪದ ಪುರಳೆ, ತುದಿಯಲ್ಲಿ ಕಾಗದ. ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮೊದಲ ನಿಮಿಷದಿಂದಲೇ ಹೊಗೆಗೂಡನ್ನು ಬಿಸಿ ಮಾಡುತ್ತದೆ. ‘ಎಲ್ಲಾದರೂ ಉಂಟೇ?’ ಎಂದು ಬಚ್ಚಲ ಒಲೆಯ ಪಂಡಿತರು ಅದನ್ನು ಕಿತ್ತು ಕಾಗದವನ್ನು ಅಡಿಗೆ ತುರುಕಿದರೆ, ಸೀಮೆಎಣ್ಣೆ ಎಲ್ಲಿ ಎಂದು ಹುಡುಕಿದರೆ, ತಡೆಯಿರಿ. ಸೀಮೆಎಣ್ಣೆಯ ಆವಿ ಒಮ್ಮೆಲೇ ಹೊತ್ತಿಕೊಂಡರೆ ಮೊದಲು ಹೋಗುವುದು ಹುಬ್ಬು.

ಸರಿ, ಬೆಂಕಿ ಹತ್ತಿತು. ಇನ್ನು ಬೆಚ್ಚಗೆ ಕೂರೋಣ ಎಂದರೆ ಅದೂ ಇಲ್ಲ. ಮುಖ ಹಪ್ಪಳದಂತೆ ಸುಡುತ್ತದೆ, ಬೆನ್ನು ನಡುಗುತ್ತದೆ. ತೆರೆದ ಒಲೆಯ ಬಿಸಿಯಲ್ಲಿ ಕೋಣೆಗೆ ದಕ್ಕುವುದು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು, ಉಳಿದದ್ದು ಆಕಾಶಕ್ಕೆ. ಮೇಲೆ ಹೋದ ಗಾಳಿಯ ಜಾಗಕ್ಕೆ ಬಾಗಿಲ ಸಂದಿಯಿಂದ ಹೊಸ ತಣ್ಣನೆ ಗಾಳಿ ನುಗ್ಗಿ ಬಂದು ನೇರ ನಿಮ್ಮ ಬೆನ್ನಿಗೇ ತಾಗುತ್ತದೆ. ಹಾಗಾಗಿ ಬೆಂಕಿ ದೊಡ್ಡದು ಮಾಡಿದಷ್ಟೂ ಪಕ್ಕದ ಕೋಣೆಗಳು ಇನ್ನಷ್ಟು ತಣ್ಣಗಾಗುತ್ತವೆ. ಆ ಕಾಲದವರು ಒಲೆಯೊಳಗೇ ಕಟ್ಟೆ ಕಟ್ಟಿ ಕೂತದ್ದು, ಉದ್ದ ಬೆನ್ನಿನ ಬೆಂಚು ಮಾಡಿಕೊಂಡದ್ದು ಶೋಕಿಗಲ್ಲ. ಈ ಬೆನ್ನಿನ ಚಳಿಗೆ ತಲೆಕೆಡಿಸಿಕೊಂಡವನು ಕೌಂಟ್ ರಮ್‌ಫೋರ್ಡ್. ಹುಟ್ಟಿದ್ದು ಅಮೆರಿಕದಲ್ಲಿ, ಕೌಂಟ್ ಪದವಿ ಬಂದದ್ದು ಬವೇರಿಯಾದಿಂದ, ರಿಪೇರಿ ಮಾಡಿದ್ದು ಲಂಡನ್ನಿನ ಒಲೆಗಳನ್ನು. 1796ರಲ್ಲಿ ಅವನು ಬರೆದಿಟ್ಟ ಸೂತ್ರ ಇಷ್ಟೇ: ಒಲೆಯನ್ನು ಆಳ ಕಡಿಮೆ ಮಾಡು, ಹಿಂದಿನ ಗೋಡೆ ಬಾಯಿಯ ಅಗಲದ ಮೂರನೇ ಒಂದು ಭಾಗ ಇರಲಿ, ಪಕ್ಕದ ಗೋಡೆಗಳು ಓರೆಯಾಗಿ ಹೊರಕ್ಕೆ ತೆರೆದು ಬಿಸಿಯನ್ನು ಕೋಣೆಗೆ ಎಸೆಯಲಿ, ಗಂಟಲನ್ನು ನಾಲ್ಕೇ ಇಂಚಿಗೆ ಕಿರಿದು ಮಾಡು. ಗಂಟಲು ಕಿರಿದಾದರೆ ಗಾಳಿ ರಭಸವಾಗಿ ಹೋಗುತ್ತದೆ, ಹೊಗೆ ಹಿಂದೆ ಬರುವುದಿಲ್ಲ. ನಾಲ್ಕಿಂಚಿನ ಗಂಟಲಲ್ಲಿ ಮಸಿ ಗುಡಿಸುವವನು ಹೇಗೆ ಹೋಗಬೇಕು? ಅದಕ್ಕೂ ಒಂದು ಬಿಲ್ಲೆಯನ್ನು ತೆಗೆದಿಡುವಂತೆ ಮಾಡಿಸಿದ್ದ.

ಹಾಗೆ ಹತ್ತಿ ಹೋಗುತ್ತಿದ್ದದ್ದು ಬ್ರಷ್ಷಲ್ಲ, ಮಕ್ಕಳು. ಆ ಪದ್ಧತಿಗೆ ನಿಜವಾಗಿ ತಡೆ ಬಿದ್ದದ್ದು 1875ರ ಕಾನೂನಿನಿಂದ. ಹಳ್ಳಿಗಳಲ್ಲಿ ಮುಳ್ಳೆಲೆಯ ಹಾಲಿ ಗಿಡವನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಕೆಳಗೆ ಎಳೆಯುತ್ತಿದ್ದರು. ಕೆಲವರು ಹೆಬ್ಬಾತನ್ನೇ ಇಳಿಬಿಡುತ್ತಿದ್ದರಂತೆ, ಅದು ರೆಕ್ಕೆ ಬಡಿದಷ್ಟೂ ಮಸಿ ಉದುರುತ್ತಿತ್ತು. ಹೆಬ್ಬಾತಿನ ಅಭಿಪ್ರಾಯ ಯಾರೂ ಕೇಳಿದಂತಿಲ್ಲ. ಈಗ ಸೌದೆ ಉರಿಸುವವರು ವರ್ಷಕ್ಕೆ ಒಮ್ಮೆಯಾದರೂ ಬ್ರಷ್ ಹಾಕಿಸಬೇಕು. ಹಸಿ ಸೌದೆಯ ಹೊಗೆ ತಣ್ಣನೆಯ ಗೂಡಿನ ಗೋಡೆಗೆ ತಾಗಿ ಡಾಂಬರಿನಂತೆ ಅಂಟುತ್ತದೆ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಆಗ ಕೇಳುವ ಸದ್ದು ರೈಲು ಮಹಡಿ ಹತ್ತಿದಂತಿರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ 999ಕ್ಕೆ ಫೋನ್ ಮಾಡುವುದು, ಅಷ್ಟೇ. ಮೇಲಿಂದ ನೀರು ಸುರಿಯುವ ಸಾಹಸ ಬೇಡ. ಕಾದ ಗೂಡು ಬಿರುಕು ಬಿಡುತ್ತದೆ. ಇದಲ್ಲದೆ ಜಾಕ್‌ಡಾ ಎಂಬ ಕಾಗೆ ಜಾತಿಯ ಹಕ್ಕಿ ಇದೆ. ವಸಂತದಲ್ಲಿ ಹೊಗೆಗೂಡಿನೊಳಗೆ ಕಡ್ಡಿ ಹಾಕುತ್ತ ಹೋಗುತ್ತದೆ, ಯಾವುದೋ ಒಂದು ಕಡ್ಡಿ ಅಡ್ಡ ಸಿಕ್ಕಿಕೊಳ್ಳುವವರೆಗೂ. ಒಲೆಯ ಮುಂದೆ ಬಕೆಟ್ಟುಗಟ್ಟಲೆ ಪುರಳೆ ಬಿದ್ದಿದ್ದರೆ ಮನೆಯವರು ನಿಮಗೆಂದು ಇಟ್ಟದ್ದಲ್ಲ. ಹಕ್ಕಿ ಸಂಸಾರ ಹೂಡಿರುವಾಗ ಗೂಡು ಕೀಳುವುದು ಅಲ್ಲಿ ಅಪರಾಧ, 1981ರ ಕಾನೂನು. ಬೇಸಿಗೆಯಲ್ಲಿ ಬೆಂಕಿ ಹಾಕುವ ಆಸೆ ಅವರ ಬಾಣಂತನ ಮುಗಿದ ಮೇಲೆ.

ಹೊಗೆಗೂಡು ಬರುವ ಮುಂಚೆ ಇಂಗ್ಲಿಷರೂ ನಮ್ಮ ಹಾಗೇ ಹಜಾರದ ನಡುವೆ ಬೆಂಕಿ ಹಾಕಿಕೊಂಡು ಹೊಗೆಯಲ್ಲೇ ಬದುಕುತ್ತಿದ್ದರು. 1577ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ಗೊಣಗಿಟ್ಟಿದ್ದಾನೆ: ಈಗ ಎಲ್ಲರ ಮನೆಗೂ ಹೊಗೆಗೂಡು ಬಂದಿದೆ, ಆದರೂ ಈಗಿನವರಿಗೆ ಬರೀ ನೆಗಡಿ, ಆಗ ಹೊಗೆ ಕುಡಿದು ಬೆಳೆದ ನಮಗೆ ತಲೆನೋವೇ ಇರಲಿಲ್ಲ ಎಂಬ ಧಾಟಿಯಲ್ಲಿ. ಹೆಸರು ತೆಗೆದು ಓದಿದರೆ ತೀರ್ಥಹಳ್ಳಿಯ ಅಜ್ಜಯ್ಯನ ಮಾತು. ಹೊಗೆಗೂಡು ಹೆಚ್ಚಿದ್ದೇ ಸರ್ಕಾರದ ಕಣ್ಣು ಬಿತ್ತು. 1662ರಲ್ಲಿ ಒಂದು ಒಲೆಗೆ ವರ್ಷಕ್ಕೆ ಎರಡು ಶಿಲಿಂಗ್ ತೆರಿಗೆ. ಎಣಿಸುವವರು ಬರುವುದರೊಳಗೆ ಜನ ಒಲೆಬಾಯಿಗೆ ಇಟ್ಟಿಗೆ ಕಟ್ಟಿಬಿಡುತ್ತಿದ್ದರು. ಆಕ್ಸ್‌ಫರ್ಡ್‌ಶೈರಿನ ಚರ್ಚಿಲ್ ಎಂಬ ಊರಲ್ಲಿ ಬ್ರೆಡ್ಡು ಸುಡುವ ಹೆಂಗಸೊಬ್ಬಳು ತೆರಿಗೆ ಉಳಿಸಲು ಗೋಡೆ ಕೊರೆದು ತನ್ನ ಒಲೆಯ ಹೊಗೆಯನ್ನು ಪಕ್ಕದ ಮನೆಯ ಗೂಡಿಗೆ ಬಿಟ್ಟಳಂತೆ. 1684ರಲ್ಲಿ ಅದರಿಂದಲೇ ಬೆಂಕಿ ಹತ್ತಿ ಇಪ್ಪತ್ತು ಮನೆ ಸುಟ್ಟವು, ನಾಲ್ವರು ಸತ್ತರು. 1689ರಲ್ಲಿ ತೆರಿಗೆಯನ್ನೇ ಕೈಬಿಟ್ಟರು.

ಒಲೆಯ ಬೂದಿಯಿಂದ ಎದ್ದು ಬಂದ ಪದಗಳು ನಮ್ಮ ನಡುವೆಯೂ ಓಡಾಡುತ್ತಿವೆ, ಗುರುತು ಹಿಡಿಯುವುದಿಲ್ಲ ಅಷ್ಟೆ. ಮಕ್ಕಳಿಗೆ ‘ಓದಿನ ಕಡೆ ಫೋಕಸ್ ಮಾಡು’ ಎನ್ನುತ್ತೇವಲ್ಲ, ಲ್ಯಾಟಿನ್ನಿನಲ್ಲಿ ಫೋಕಸ್ ಎಂದರೆ ಒಲೆ. ಮಸೂರ ಬಿಸಿಲನ್ನು ಕೂಡಿಸಿ ಸುಡುವ ಜಾಗಕ್ಕೆ 1604ರಲ್ಲಿ ಕೆಪ್ಲರ್ ಆ ಹೆಸರಿಟ್ಟ. ಕರ್ಫ್ಯೂ ಎಂದರೆ ಹಳೇ ಫ್ರೆಂಚಿನಲ್ಲಿ ‘ಬೆಂಕಿ ಮುಚ್ಚು’. ರಾತ್ರಿ ಗಂಟೆ ಬಾರಿಸಿದೊಡನೆ ಕೆಂಡ ಒಟ್ಟುಮಾಡಿ ಬೂದಿ ಎಳೆದು ಮೇಲೆ ಹಿಡಿಕೆ ಇರುವ ತಗಡಿನ ಮುಚ್ಚಳ ಕವುಚಬೇಕಿತ್ತು, ಬೆಳಿಗ್ಗೆ ಕೆದಕಿದರೆ ಕೆಂಡ ಜೀವಂತ. ನಮ್ಮ ಅಜ್ಜಿಯರು ಮುಚ್ಚಳ ಇಲ್ಲದೆಯೂ ಅದನ್ನೇ ಮಾಡುತ್ತಿದ್ದರು, ಪೊಲೀಸರೂ ಬೇಕಿರಲಿಲ್ಲ. ಆ ಮುಚ್ಚಿದ ಕೆಂಡದ ನೆನಪು ಬೂದಿ ಎತ್ತುವಾಗ ಇರಲಿ. ಮೇಲೆ ತಣ್ಣಗೆ ಕಂಡರೂ ಒಳಗೆ ಒಂದೆರಡು ದಿನ ಬಿಸಿ ಇರುತ್ತದೆ. ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದರೆ ಚೀಲದೊಳಗೆ ಊದುಕೊಳವೆ ಹಿಡಿದಂತಾಗಿ ಮೆಷೀನೇ ಒಲೆಯಾಗುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿ, ಮನೆಯಿಂದ ದೂರ, ಕಲ್ಲಿನ ಮೇಲೆ.

ನಮ್ಮಲ್ಲೂ ಈ ಒಲೆಗಳು ಇಲ್ಲದಿಲ್ಲ. ಬೆಂಗಳೂರು ದಂಡಿನ ಹಳೇ ಬಂಗಲೆಗಳಲ್ಲಿ, ಕೊಡಗು ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಸಾಹೇಬರು ಕಟ್ಟಿಸಿದ ಅಗ್ಗಿಷ್ಟಿಕೆ ಇವೆ. ಜುಲೈ ಮಳೆಗೆ ಹೋಂಸ್ಟೇಗೆ ಬಂದವರು ಅದನ್ನು ಹೊತ್ತಿಸಿ ಎಂದು ಹಟ ಹಿಡಿಯುತ್ತಾರೆ. ಆ ತಿಂಗಳು ಅಲ್ಲಿ ಕಡ್ಡಿಪೆಟ್ಟಿಗೆಯೇ ತೇವ. ಸಿಲ್ವರ್ ಓಕ್ ಸೌದೆ ಭಗ್ಗನೆ ಉರಿದು ಮುಗಿಯುತ್ತದೆ. ಕಿತ್ತ ಹಳೇ ಕಾಫಿ ಗಿಡದ ಬುಡ ನಿಧಾನ, ಕೆಂಡ ನಿಲ್ಲುತ್ತದೆ. ಮಾರ್ಚಿಯಲ್ಲೇ ಅಟ್ಟ ಸೇರಿಸಿದ್ದರೆ ಮಾತ್ರ.

ಆದರೆ ಇಂಗಲ್‌ನ ನಿಜವಾದ ವಾರಸುದಾರ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿದ್ದಾನೆ. ಹಳೇ ಒಲೆಯ ಪಕ್ಕದಲ್ಲಿ ಕೆಟಲ್ ಬಿಸಿಯಾಗಿರಲೆಂದು ಇಟ್ಟ ದಂಡೆಗೆ ಹಾಬ್ ಎನ್ನುತ್ತಿದ್ದರು, ಈಗ ಕಲ್ಲು ಕೊರೆದು ಕೂರಿಸುವ ಗ್ಯಾಸ್ ಒಲೆಗೆ ಅದೇ ಹೆಸರು. ಚಿಮ್ನಿ ಎಂದರೆ ಇಂಗ್ಲಿಷಿನಲ್ಲಿ ಮೊದಲು ಒಲೆಯೇ. ಹೊಗೆಗೂಡು ಎಂಬ ಅರ್ಥ ಆಮೇಲಿನದು. ನಮ್ಮಲ್ಲಿ ಅದು ಸೀಮೆಎಣ್ಣೆ ಚಿಮಣಿ ದೀಪವಾಗಿ, ಈಗ ಗೋಡೆಯ ಮೇಲೆ ಗುಂಯ್‌ಗುಡುವ ಪೆಟ್ಟಿಗೆಯಾಗಿದೆ. ಗೃಹಪ್ರವೇಶದ ಮುಂಚಿನ ಅನಾಹುತ ಎಲ್ಲ ಕಡೆ ಒಂದೇ: ಗ್ರಾನೈಟಿನವನು ‘ಸ್ಟ್ಯಾಂಡರ್ಡ್ ಸೈಜು ಸಾರ್’ ಎಂದು ಕಲ್ಲು ಕೊರೆದು ಹೋಗುತ್ತಾನೆ, ಮರುವಾರ ಬಂದ ಹಾಬ್ ಆ ತೂತಿನಲ್ಲಿ ಕೂರುವುದಿಲ್ಲ, ಇಲ್ಲವೇ ಪೂರ್ತಿ ಒಳಗೆ ಬೀಳುತ್ತದೆ. ಹಾಬ್ ಮನೆಗೆ ಬಂದ ಮೇಲೇ, ಡಬ್ಬಿಯೊಳಗಿನ ಅಳತೆ ಹಾಳೆಯನ್ನು ಕಲ್ಲಿನ ಮೇಲೆ ಅಂಟಿಸಿಯೇ ಕೊರೆಸಬೇಕು. ಚಿಮಣಿ ಬರ್ನರಿನಿಂದ 65ರಿಂದ 75 ಸೆಂಟಿಮೀಟರ್ ಮೇಲಿರಲಿ. ಕೆಳಗಾದರೆ ತಲೆಗೆ ತಾಗುತ್ತದೆ, ಮೇಲಾದರೆ ಘಾಟು ಪಕ್ಕಕ್ಕೆ ಜಾರುತ್ತದೆ. ಪೈಪು ಆರಿಂಚಿನದು, ಬಾಗು ಆದಷ್ಟು ಕಡಿಮೆ. ಎಲ್ಲ ಸರಿಯಿದ್ದೂ ಎಳೆಯುವುದಿಲ್ಲ ಎಂದು ಸರ್ವೀಸಿನವನನ್ನು ಕರೆದರೆ ಅವನು ಬಂದು ಮಾಡುವ ಮೊದಲ ಕೆಲಸ ಬಂದ್ ಆಗಿರುವ ಕಿಟಕಿ ತೆಗೆಯುವುದು. ಅದಕ್ಕೆ ವಿಸಿಟಿಂಗ್ ಚಾರ್ಜು ಬೇರೆ.

ಹಾಬಿನ ಗುಂಡಿ ಒತ್ತಿ ತಿರುಗಿಸಿದರೆ ತಾನೇ ಹೊತ್ತಬೇಕು. ಆರು ತಿಂಗಳು ಹೊತ್ತುತ್ತದೆ. ಆಮೇಲೆ ಟಿಕ್ ಟಿಕ್ ಟಿಕ್ ಎನ್ನುತ್ತದೆ, ಕಿಡಿ ಬರುವುದಿಲ್ಲ. ಹಾಲು ಉಕ್ಕಿ ಕಿಡಿಕಡ್ಡಿಗೆ ಅಂಟಿರುತ್ತದೆ, ಇಲ್ಲವೇ ಕಲ್ಲಿನಡಿ ಯಾರೂ ಬಗ್ಗಿ ನೋಡದ ಜಾಗದಲ್ಲಿ ಬ್ಯಾಟರಿ ಮುಗಿದಿರುತ್ತದೆ. ಗುಂಡಿ ಬಂದ್ ಮಾಡಿ, ಸೋರಿದ ಗ್ಯಾಸ್ ಚದುರಲಿ ಎಂದು ಒಂದು ನಿಮಿಷ ತಡೆದು, ಒಗ್ಗರಣೆ ಡಬ್ಬಿಯ ಹಿಂದೆ ಅತ್ತೆಯವರು ಬಚ್ಚಿಟ್ಟ ಕಡ್ಡಿಪೆಟ್ಟಿಗೆ ತೆಗೆಯಿರಿ.